ಎದ್ದು ನಿಂತರೆ ಬಿಪಿ ಇಳಿಯುತ್ತದೆ, ಮತ್ತೆ ಮತ್ತೆ ತಲೆಯೂ ತಿರುಗುತ್ತದೆ: ಇದು ಒಂದೇ ಕಾಯಿಲೆಯಾ, ಎರಡಾ?

ಬುಗುರಿ
ನಮಸ್ಕಾರ. ನನಗೆ ಬಹಳ ಕಾಲದಿಂದ ತಲೆ ತಿರುಗುವ ಕಾಟ. ಬಂದರೆ ಕೋಣೆಯೇ ಗಿರ್ರನೆ ಸುತ್ತುತ್ತದೆ, ಗೋಡೆ ಹಿಡಿದು ನಿಲ್ಲಬೇಕು. ಕೆಲವು ವಾರ ಏನೂ ಇರುವುದಿಲ್ಲ, ಇನ್ನೇನು ಹೋಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಹಾಜರು. ಕಿವಿ ಡಾಕ್ಟರು ಒಳಕಿವಿಯ ತೊಂದರೆ ಎಂದರು. ಬಿಪಿ ನೋಡುವ ಡಾಕ್ಟರು ನಿಂತಾಗ ಬಿಪಿ ಇಳಿಯುತ್ತಿದೆ, ಅದಕ್ಕೇ ಹೀಗೆ ಎಂದರು. ಇಬ್ಬರೂ ಪರಸ್ಪರ ಮಾತಾಡುವುದಿಲ್ಲ, ಮಧ್ಯದಲ್ಲಿ ಚೀಟಿ ಹಿಡಿದು ಓಡಾಡುವುದು ನಾನು.

ವಯಸ್ಸು 58. ಬಿಪಿಗೆ ಮಾತ್ರೆ ಇದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಜಾಸ್ತಿ. ಬಿಪಿ ಇಳಿಯುವುದರಿಂದಲೇ ಹೀಗೆ ಗಿರಗಿರ ತಿರುಗುವುದು ಸಾಧ್ಯವಾ? ಅಥವಾ ಎರಡೂ ಬೇರೆ ಬೇರೆಯಾ? ಗೊತ್ತಿರುವವರು ಹೇಳಿ.

ಒಂದೇಮಾತು
ಬಿಪಿ ಇಳಿದರೆ ಕಣ್ಣು ಕತ್ತಲೆ. ಕಿವಿ ಕೆಟ್ಟರೆ ತಿರುಗಾಟ. ಮುಗೀತು.

ರಾತ್ರಿಪಾಳಿ
ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುವವಳು ನಾನು. ಬಿಪಿ ಇಳಿದಾಗಲೂ ಕೋಣೆ ಸುತ್ತಿತು ಎನ್ನುವವರು ಎಷ್ಟೋ ಜನ. ಕಿವಿಯ ತೊಂದರೆ ಇದ್ದೂ ಬರೀ ತೇಲಿದ ಹಾಗೆ ಆಯಿತು ಎನ್ನುವವರೂ ಇದ್ದಾರೆ. ಹೇಗೆ ಅನ್ನಿಸಿತು ಎಂದು ಕೇಳಿದರೆ ಒಬ್ಬರೇ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಹೇಳುತ್ತಾರೆ. ಅದಕ್ಕಿಂತ ಏನು ಮಾಡಿದಾಗ ಬಂತು, ಎಷ್ಟು ಹೊತ್ತು ಇತ್ತು ಎಂದು ಕೇಳಬೇಕು.

@ಬುಗುರಿ, ಮೂರು ಪ್ರಶ್ನೆ. ಮಲಗಿದ್ದಲ್ಲೇ ಮಗ್ಗುಲು ಬದಲಿಸಿದರೆ ಬರುತ್ತದಾ? ಕುರ್ಚಿಯಿಂದ ನೆಟ್ಟಗೆ ಎದ್ದರೆ ಬರುತ್ತದಾ? ಕೂತರೆ ಅಥವಾ ಮಲಗಿದರೆ ತಕ್ಷಣ ಕಡಿಮೆಯಾಗುತ್ತದಾ?

ಬುಗುರಿ
ಮಗ್ಗುಲು ಬದಲಿಸಿದರೆ ಬರುತ್ತದೆ, ಬಲಗಡೆಗೆ ತಿರುಗಿದರೆ ಜೋರು. ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಕುರ್ಚಿಯಿಂದ ಎದ್ದರೂ ಬರುತ್ತದೆ, ಆದರೆ ಅದು ಅಷ್ಟು ಜೋರಲ್ಲ. ಕೂತರೆ ಹೋಗುತ್ತದೆ. ಈಗ ಬರೆಯುವಾಗ ಹೊಳೆಯುತ್ತಿದೆ, ಎರಡೂ ಒಂದೇ ಥರ ಇಲ್ಲ.

ಕಿವಿಗುಟ್ಟು
ಸಮತೋಲನದ ತೊಂದರೆ ಇರುವವರಿಗೆ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ.

ಮಲಗಿದ್ದವರು ಮಗ್ಗುಲು ಬದಲಿಸಿದಾಗ ಬಿಪಿ ಇಳಿಯಲು ಕಾರಣವೇ ಇಲ್ಲ. ದೇಹ ಅಡ್ಡಡ್ಡವಾಗಿಯೇ ಇದೆ, ರಕ್ತ ಕಾಲಿಗೆ ಇಳಿದಿಲ್ಲ. ಆಗಲೂ ಕೋಣೆ ತಿರುಗಿದರೆ ಮೊದಲ ಅನುಮಾನ ಬಿಪಿಪಿವಿ ಮೇಲೆ. ಹೆಸರಲ್ಲಿ ಬಿಪಿ ಇದ್ದರೂ ಇದು ರಕ್ತದೊತ್ತಡವಲ್ಲ, ತಲೆಯ ಕೋನ ಬದಲಾದಾಗ ಬರುವ ಒಳಕಿವಿಯ ತಿರುಗಾಟ. ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿವೆ. ಅವು ಇರಬೇಕಾದ ಜಾಗ ಬಿಟ್ಟು ಅರ್ಧವೃತ್ತದ ಕೊಳವೆಗಳೊಳಗೆ ಜಾರಿದರೆ, ತಲೆ ಆಡಿಸಿದಾಗಲೆಲ್ಲ ಅಲ್ಲಿನ ದ್ರವವನ್ನು ಎಳೆಯುತ್ತವೆ. ಮೆದುಳಿಗೆ ತಲೆ ಇನ್ನೂ ತಿರುಗುತ್ತಿದೆ ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಮೇಲಿನ ಶೆಲ್ಫ್ ನೋಡಲು ತಲೆ ಎತ್ತಿದಾಗ, ಬಗ್ಗಿದಾಗ, ಮಲಗುವಾಗ ಬರುವುದೂ ಇದೇ ಜಾತಿ.

ಕುರ್ಚಿಯಿಂದ ಎದ್ದಾಗ ಬರುವುದು ಇದಕ್ಕೆ ಉಲ್ಟಾ. ಅಲ್ಲಿ ತಲೆಯ ಕೋನ ಹೆಚ್ಚು ಬದಲಾಗುವುದಿಲ್ಲ, ದೇಹ ಮಾತ್ರ ನೆಟ್ಟಗಾಗುತ್ತದೆ. ಅಲ್ಲಿ ಬಿಪಿ ಕಡೆ ನೋಡಬೇಕು.

ತಕರಾರು ಇರುವುದು ಹಾಸಿಗೆಯಿಂದ ಏಳುವ ಆ ಒಂದು ಕ್ಷಣದಲ್ಲಿ. ತಲೆಯ ಕೋನವೂ ಬದಲಾಗುತ್ತದೆ, ರಕ್ತವೂ ಕೆಳಗೆ ಇಳಿಯುತ್ತದೆ. ಆ ಒಂದನ್ನೇ ಹಿಡಿದು ಕೂತರೆ ಎರಡು ಡಾಕ್ಟರಿಗೂ ತಮ್ಮದೇ ಸರಿ ಎನ್ನಿಸುತ್ತದೆ.

ಉದ್ದಕಾಲು
ಓಹ್, ಇದನ್ನು ನನಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ನನಗೆ 22. ಕುಕ್ಕರಗಾಲಲ್ಲಿ ಕೂತು ತಟ್ಟನೆ ಎದ್ದರೆ ಕಣ್ಣು ಮುಂದೆ ಕಪ್ಪು, ಕಿವಿಯಲ್ಲಿ ಗುಂಯ್. ಕೆಲವು ಸೆಕೆಂಡಿನಲ್ಲಿ ಸರಿ. ಇದೂ ಅದೇನಾ?

ರಾತ್ರಿಪಾಳಿ
@ಉದ್ದಕಾಲು ನಿಂತ ಮೊದಲ 15 ಸೆಕೆಂಡಿನೊಳಗೆ ಮೇಲಿನ ಬಿಪಿ 40ಕ್ಕಿಂತ ಜಾಸ್ತಿ ಕುಸಿದು ತಾನಾಗಿಯೇ ಮೇಲೇರುವ ಒಂದು ಬಗೆ ಇದೆ. ಎಳೆ ವಯಸ್ಸಿನವರಲ್ಲಿ, ಉದ್ದ ಇರುವವರಲ್ಲಿ ಕಾಣಿಸುತ್ತದೆ. ಒಂದು ನಿಮಿಷ ಬಿಟ್ಟು ಬಿಪಿ ನೋಡಿದರೆ ಎಲ್ಲ ಸರಿ ಇರುತ್ತದೆ, ಹಾಗಾಗಿ ಮಾಮೂಲಿ ಮೆಷಿನ್‌ಗೆ ಸಿಗುವುದಿಲ್ಲ. ಏಳುವ ಮೊದಲು ತೊಡೆ, ಪೃಷ್ಠ ಬಿಗಿ ಹಿಡಿದು ಬಿಡು, ಎದ್ದ ಮೇಲೂ ಕಾಲು ಕತ್ತರಿ ಹಾಕಿ ಒತ್ತಿ ನಿಲ್ಲು. ನಿಂತಷ್ಟು ಹೊತ್ತೂ ಎದೆ ಢವಢವ ಎನ್ನುತ್ತಿದ್ದರೆ ಮಾತ್ರ ನಾಡಿ ಎಣಿಸಿ ನೋಡು. ಬಿಪಿ ಇಳಿಯದೆ ನಾಡಿ 10 ನಿಮಿಷದೊಳಗೆ 30ಕ್ಕಿಂತ ಜಾಸ್ತಿ ಏರಿದರೆ ಅದು ಬೇರೆ ಕಥೆ, ಪಾಟ್ಸ್ ಅನ್ನುತ್ತಾರೆ. ಡಾಕ್ಟರಿಗೆ ತೋರಿಸಬೇಕು.

ಕತ್ತುನೋವು
ಎಲ್ಲರೂ ಕುತ್ತಿಗೆಯನ್ನು ಮರೆತಿದ್ದೀರಿ. ನನಗೆ ಎಕ್ಸ್‌ರೇಯಲ್ಲಿ ಕತ್ತಿನ ಮೂಳೆ ಸವೆದಿದೆ ಅಂತ ಬಂತು. ತಲೆ ತಿರುಗಲು ಅದೇ ಕಾರಣ. ಕಾಲರ್ ಹಾಕಿಕೊಂಡ ಮೇಲೆ ಕಡಿಮೆಯಾಯಿತು.

ಸಂಶಯಪಿಶಾಚಿ
ಒಂದು ವಯಸ್ಸಾದ ಮೇಲೆ ಯಾರ ಕತ್ತಿನ ಎಕ್ಸ್‌ರೇ ತೆಗೆದರೂ ಸವೆತ ಕಾಣುತ್ತದೆ. ತಲೆ ತಿರುಗದವರಿಗೂ ಕಾಣುತ್ತದೆ. ಕಾಲರ್ ಹಾಕಿದರೆ ತಲೆಯೇ ಆಡಿಸುವುದಿಲ್ಲ, ಕಿವಿಯ ಹರಳೂ ಅಲ್ಲಾಡುವುದಿಲ್ಲ. ಕಡಿಮೆಯಾಗದೆ ಏನು?

ಕತ್ತುನೋವು
ನನ್ನ ಕತ್ತು ನಿಮಗಿಂತ ನನಗೆ ಚೆನ್ನಾಗಿ ಗೊತ್ತು ಸ್ವಾಮಿ.

ಕಿವಿಗುಟ್ಟು
ಜಗಳ ಬೇಡ. ಪರೀಕ್ಷೆ ಮಾಡುವ ದಾರಿ ಇದೆ. ಹಾಸಿಗೆಯಲ್ಲಿ ಕತ್ತು ತಿರುಚದೆ, ತಲೆ-ಎದೆ-ಸೊಂಟ ಎಲ್ಲ ಒಟ್ಟಿಗೆ ಹೊರಳಿಸಿ. ಆಗಲೂ ತಿರುಗಿದರೆ ಕತ್ತಿನ ಮೇಲೆ ಗೂಬೆ ಕೂರಿಸಲು ಆಗುವುದಿಲ್ಲ. ಆಸ್ಪತ್ರೆಯಲ್ಲಾದರೆ ಡಿಕ್ಸ್-ಹಾಲ್‌ಪೈಕ್ ಎಂಬ ಪರೀಕ್ಷೆ ಮಾಡುತ್ತಾರೆ. 1952ರಿಂದ ಇರುವ ವಿಧಾನ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಬೇಗ ಹಿಂದಕ್ಕೆ ಮಲಗಿಸಿ ಕಣ್ಣು ನೋಡುವುದು. ಬಿಪಿಪಿವಿ ಇದ್ದರೆ ಕಣ್ಣುಗುಡ್ಡೆ ತನ್ನಷ್ಟಕ್ಕೆ ಮಿಡಿಯುತ್ತದೆ. ಯಾವ ಎಕ್ಸ್‌ರೇಯೂ ಬೇಡ.

ಲೆಕ್ಕದಪುಸ್ತಕ
ಬುಗುರಿಯವರೇ, ಮೊದಲು ಬಿಪಿ ಸರಿಯಾಗಿ ಅಳೆಯಿರಿ. ಮನೆ ಮೆಷಿನ್ ಸಾಕು. ನಾನು ಮಾಡುವ ಕ್ರಮ ಇದು: 5 ನಿಮಿಷ ಸುಮ್ಮನೆ ಮಲಗಿ ಅಳೆಯಿರಿ. ಎದ್ದು ನಿಂತು 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಒಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್. ನಿಂತಾಗ ಕೈ ಜೋತು ಬಿಡಬೇಡಿ, ಎದೆಯ ಮಟ್ಟಕ್ಕೆ ಮೇಜಿನ ಮೇಲೋ ಯಾರದಾದರೂ ಹೆಗಲ ಮೇಲೋ ಇಡಿ. ಕೈ ಕೆಳಗಿದ್ದರೆ ಅಂಕಿ ಜಾಸ್ತಿ ತೋರಿಸುತ್ತದೆ, ಇಳಿದದ್ದೇ ಗೊತ್ತಾಗುವುದಿಲ್ಲ. ನಾಡಿಯನ್ನೂ ಬರೆದಿಡಿ. ಬೆಳಿಗ್ಗೆ ಎದ್ದ ತಕ್ಷಣ ಅಳೆದರೆ ಸಿಗುವ ಸಾಧ್ಯತೆ ಜಾಸ್ತಿ. ಪಕ್ಕದಲ್ಲಿ ಯಾರಾದರೂ ಇರಲಿ.

ಒಂದೇಮಾತು
ಕೂತು ಅಳೆದರೆ ಆಗಲ್ವಾ? ಕ್ಲಿನಿಕ್ಕಿನಲ್ಲಿ ಹಾಗೇ ತಾನೇ ಮಾಡುವುದು.

ಲೆಕ್ಕದಪುಸ್ತಕ
ಅದಕ್ಕೇ ಎಷ್ಟೋ ಜನರಿಗೆ ಇದು ಗೊತ್ತಾಗುವುದೇ ಇಲ್ಲ. ಕೂತಾಗ ಅರ್ಧ ರಕ್ತ ಆಗಲೇ ಇಳಿದು ಸುಧಾರಿಸಿಕೊಂಡಿರುತ್ತದೆ.

ರಾತ್ರಿಪಾಳಿ
“ಅರ್ಧ ರಕ್ತ” ಅಂದರೆ ಜನ ಹೆದರುತ್ತಾರೆ 😄 ಮಲಗಿದ್ದವರು ನಿಂತಾಗ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರ್ ರಕ್ತ ಕಾಲು ಮತ್ತು ಹೊಟ್ಟೆಯ ಕಡೆ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿ, ಹೃದಯದ ಮೇಲಿನ ದೊಡ್ಡ ನಾಳದಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಅವು ಎಚ್ಚರಿಸಿದರೆ ನಾಡಿ ಏರುತ್ತದೆ, ನಾಳಗಳು ಬಿಗಿಯುತ್ತವೆ. ಈ ಕೆಲಸ ನಿಧಾನವಾದರೆ ಅಥವಾ ಯಾವುದೋ ಮಾತ್ರೆ ಅಡ್ಡ ಬಂದರೆ ತಲೆಗೆ ರಕ್ತ ಕಡಿಮೆ.

ಉದ್ದಕಾಲು
ಹಾಗಾದರೆ ಜಿರಾಫೆಗೆ ಹೇಗೆ? ನೀರು ಕುಡಿದು ತಲೆ ಎತ್ತಿದರೆ ಬಿದ್ದು ಹೋಗಬೇಕಲ್ವಾ?

ಲೆಕ್ಕದಪುಸ್ತಕ
ಅದರ ಬಿಪಿ ನಮ್ಮದರ ಸುಮಾರು ಎರಡರಷ್ಟು. ಕಾಲಿನ ಚರ್ಮ ದಪ್ಪ, ಬಿಗಿ, ರಕ್ತ ಅಲ್ಲಿ ನಿಲ್ಲಲು ಬಿಡುವುದಿಲ್ಲ.

ಸಂಶಯಪಿಶಾಚಿ
ಬುಗುರಿಯಮ್ಮ ಗೋಡೆ ಹಿಡಿದು ನಿಂತಿದ್ದಾರೆ, ನೀವು ಜಿರಾಫೆ ಮೇಯಿಸುತ್ತಿದ್ದೀರಿ.

ರಾತ್ರಿಪಾಳಿ
ಬಿಗಿ ಸ್ಟಾಕಿಂಗ್ಸ್ ಮಾಡುವುದೂ ಅದೇ ಕೆಲಸವನ್ನೇ, ಹಾಗಾಗಿ ಜಿರಾಫೆ ಪೂರ್ತಿ ದಾರಿ ತಪ್ಪಿಲ್ಲ. ಆದರೆ ಮೊಣಕಾಲಿನವರೆಗೆ ಮಾತ್ರ ಇರುವುದರಿಂದ ಹೆಚ್ಚೇನೂ ಆಗುವುದಿಲ್ಲ. ಸೊಂಟದವರೆಗಿನದು ಅಥವಾ ಹೊಟ್ಟೆಗೆ ಕಟ್ಟುವ ಪಟ್ಟಿ ಮೇಲು.

ಹಳೇಗುಳಿಗೆ
ನನಗೆ 71. ಸಕ್ಕರೆ ಕಾಯಿಲೆ ಇದೆ. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ಕೊಟ್ಟಿದ್ದಾರೆ. ರಾತ್ರಿ ಮೂತ್ರಕ್ಕೆ ಎದ್ದವನು ಬಾಗಿಲ ಹತ್ತಿರ ಬಿದ್ದೆ. ಕಿವಿ, ಕತ್ತು, ತಲೆ ಸ್ಕ್ಯಾನ್ ಎಲ್ಲ ಆಯಿತು, ಎಲ್ಲವೂ ಸರಿ. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ನನ್ನನ್ನು ಮಲಗಿಸಿ, ನಿಲ್ಲಿಸಿ ಬಿಪಿ ನೋಡಿದರು. ನಿಂತಾಗ 98. ಸಕ್ಕರೆಯಿಂದ ನಾಳ ಬಿಗಿಸುವ ನರಗಳೇ ಕೆಟ್ಟಿವೆ, ಮೇಲಿಂದ ಈ ಮಾತ್ರೆ ನಾಳ ಸಡಿಲ ಮಾಡುತ್ತದೆ ಎಂದರು. ಮಾತ್ರೆ ಬದಲಾಯಿತು. ಈಗ ಹಾಸಿಗೆ ಅಂಚಿನಲ್ಲಿ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳುತ್ತೇನೆ. ಮೂತ್ರವನ್ನೂ ಕೂತೇ ಮಾಡುತ್ತೇನೆ. ನಾಚಿಕೆ ಏನಿಲ್ಲ, ಸೊಂಟ ಮುರಿಯುವುದಕ್ಕಿಂತ ವಾಸಿ.

ಮಾತ್ರೆಡಬ್ಬಿ
ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ. ಹಳೇಗುಳಿಗೆಯವರು ಹೇಳಿದ್ದು ಮುಖ್ಯ. ನಿಂತಾಗ ಬಿಪಿ ಇಳಿಸುವ ಮಾತ್ರೆಗಳು ಬಹಳ. ಮೂತ್ರ ಜಾಸ್ತಿ ಮಾಡಿಸುವವು, ಪ್ರಾಜೋಸಿನ್ ಜಾತಿಯವು, ಎದೆನೋವಿನ ನೈಟ್ರೇಟ್, ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪ, ನಿದ್ದೆಗೆ ತಲೆನೋವಿಗೆ ಅಂತ ಕೊಡುವ ಅಮಿಟ್ರಿಪ್ಟಿಲಿನ್. ಬುಗುರಿಯವರೇ, ನೀವು ನುಂಗುವ ಎಲ್ಲವನ್ನೂ ಬರೆಯಿರಿ. ಬಿಪಿ ಮಾತ್ರೆ ಮಾತ್ರ ಅಲ್ಲ.

ಬುಗುರಿ
ಬಿಪಿಗೆ ಅಟೆನೊಲಾಲ್, ಆಮ್ಲೊಡಿಪಿನ್. ತಲೆ ತಿರುಗುವುದಕ್ಕೆ ಪ್ರೊಕ್ಲೋರ್‌ಪೆರಜಿನ್. ಅದನ್ನು ಮೊದಲ ಸಲ ಜೋರಾಗಿ ಬಂದಾಗ ಕೊಟ್ಟಿದ್ದರು. ಆಮೇಲೆ ನಿಲ್ಲಿಸು ಅಂತ ಯಾರೂ ಹೇಳಲಿಲ್ಲ, ತಿಂಗಳುಗಟ್ಟಲೆ ನಡೆಯುತ್ತಿದೆ.

ಮಾತ್ರೆಡಬ್ಬಿ
ಅಯ್ಯೋ. ಸಿಕ್ಕಿತು ನೋಡಿ. ಪ್ರೊಕ್ಲೋರ್‌ಪೆರಜಿನ್ ತಿರುಗಾಟ ಜೋರಿದ್ದಾಗ, ವಾಂತಿ ಇದ್ದಾಗ ಕೆಲವೇ ದಿನಕ್ಕೆ ಕೊಡುವ ಮಾತ್ರೆ. ಅದರ ಅಡ್ಡ ಪರಿಣಾಮಗಳಲ್ಲಿ ಒಂದು ನಿಂತಾಗ ಬಿಪಿ ಇಳಿಯುವುದು! ತಲೆ ತಿರುಗುತ್ತದೆ ಅಂತ ಮಾತ್ರೆ, ಮಾತ್ರೆಯಿಂದ ಬಿಪಿ ಇಳಿಕೆ, ಬಿಪಿ ಇಳಿದು ಮತ್ತೆ ತಲೆಸುತ್ತು, ಇನ್ನೂ ಹೋಗಿಲ್ಲ ಅಂತ ಮತ್ತೆ ಮಾತ್ರೆ. ಬಹಳ ದಿನ ತಗೊಂಡರೆ ಕೈ ನಡುಕ, ನಡಿಗೆ ನಿಧಾನ ಆಗುವುದೂ ಇದೆ. ತಲೆಸುತ್ತಿಗೇ ಕೊಡುವ ಸಿನ್ನರಿಜಿನ್ ಕೂಡ ಈ ವಿಷಯದಲ್ಲಿ ಸಾಚಾ ಅಲ್ಲ. ಇದರ ಬಗ್ಗೆ ಡಾಕ್ಟರ ಹತ್ತಿರ ಬೇಗ ಮಾತಾಡಿ. ಬಿಪಿ ಮಾತ್ರೆಗಳನ್ನು ಮಾತ್ರ ಸ್ವಂತ ತೀರ್ಮಾನದ ಮೇಲೆ ಬಿಡಬೇಡಿ, ಅಟೆನೊಲಾಲ್ ತಟ್ಟನೆ ಬಿಟ್ಟರೆ ಹೃದಯಕ್ಕೆ ತೊಂದರೆ.

ಕಿವಿಗುಟ್ಟು
ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಈ ಮಾತ್ರೆಗಳು ಹರಳನ್ನು ಜಾಗಕ್ಕೆ ತರುವುದಿಲ್ಲ. ಮೆದುಳನ್ನು ಮಂಕು ಮಾಡುತ್ತವೆ ಅಷ್ಟೆ. ಕಿವಿಯ ತಪ್ಪು ಸುದ್ದಿಗೆ ಮೆದುಳು ಹೊಂದಿಕೊಳ್ಳುವುದನ್ನೂ ತಡ ಮಾಡುತ್ತವೆ. ಹರಳಿಗೆ ಬೇಕಾದದ್ದು ಎಪ್ಲಿ ವಿಧಾನ. ತಲೆಯನ್ನು ಒಂದೊಂದು ಕೋನದಲ್ಲಿ ಸ್ವಲ್ಪ ಹೊತ್ತು ಹಿಡಿದು, ಹರಳು ಕೊಳವೆಯಿಂದ ಉರುಳಿ ತನ್ನ ಜಾಗಕ್ಕೆ ಬೀಳುವ ಹಾಗೆ ಮಾಡುವುದು. ಕೆಲವೇ ನಿಮಿಷದ ಕೆಲಸ.

ಉದ್ದಕಾಲು
ಅದು ಯೂಟ್ಯೂಬ್‌ನಲ್ಲಿ ಇದೆ. ಮನೆಯಲ್ಲೇ ಮಾಡಿಕೊಳ್ಳಬಹುದು.

ಕಿವಿಗುಟ್ಟು
ಯಾವ ಕಿವಿ, ಯಾವ ಕೊಳವೆ ಎಂದು ಗೊತ್ತಾದ ಮೇಲೆ ಮಾಡಿಕೊಳ್ಳಬಹುದು. ಎಡಗಿವಿಗೆ ಮಾಡಬೇಕಾದ್ದನ್ನು ಬಲಗಿವಿಗೆ ಮಾಡಿ, ಎಪ್ಲಿ ಕೆಲಸಕ್ಕೆ ಬಾರದು ಎಂದು ಬೈಯುವವರು ವಾರಕ್ಕೊಬ್ಬರು ನನ್ನ ಹತ್ತಿರ ಬರುತ್ತಾರೆ.

ಸಂಶಯಪಿಶಾಚಿ
ಎಲ್ಲ ಸರಿ. ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಬಿಪಿ ಇಳಿಕೆಗೂ ವರ್ಟಿಗೊಗೂ, ಅಂದರೆ ಗಿರ್ರನೆ ತಿರುಗುವುದಕ್ಕೂ, ನಂಟು ಇದೆಯಾ, ಇಲ್ಲವಾ? ಒಬ್ಬರಲ್ಲಿ ಎರಡು ಕಾಯಿಲೆ ಇದ್ದ ಮಾತ್ರಕ್ಕೆ ನಂಟು ಅನ್ನಲು ಬರುವುದಿಲ್ಲ. ವಯಸ್ಸಾದವರಲ್ಲಿ ಎರಡೂ ಸಾಮಾನ್ಯ, ಕಾಕತಾಳೀಯ ಇರಬಹುದು.

ಕಿವಿಗುಟ್ಟು
ಕಾಕತಾಳೀಯವೂ ಹೌದು. ಆದರೆ ಬರೀ ಅದೇ ಅಲ್ಲ. ತಲೆಸುತ್ತಿನ ತಜ್ಞರ ಬಾರಾನಿ ಸೊಸೈಟಿ 2019ರಲ್ಲಿ ನಿಂತಾಗ ರಕ್ತದ ಹರಿವಿನ ಏರುಪೇರಿನಿಂದ ಬರುವ ತಲೆಸುತ್ತಿಗೆ ಪ್ರತ್ಯೇಕ ಮಾನದಂಡ ಮಾಡಿತು. ಅದರಲ್ಲಿ ತೇಲುವುದು, ಓಲಾಡುವುದು ಮಾತ್ರವಲ್ಲ, ವರ್ಟಿಗೊವನ್ನೂ ಸೇರಿಸಿದ್ದಾರೆ. ಒಳಕಿವಿಗೆ ರಕ್ತ ಹೋಗುವುದು ಒಂದು ಸಣ್ಣ ನಾಳದಿಂದ, ಅದು ಮುಚ್ಚಿದರೆ ಪಕ್ಕದ ದಾರಿ ಇಲ್ಲ. ಒತ್ತಡ ಕುಸಿದರೆ ಕಿವಿಗೋ ಮೆದುಳಿನ ಕಾಂಡಕ್ಕೋ ಬಿಸಿ ತಟ್ಟುವುದು ಆಶ್ಚರ್ಯವಲ್ಲ.

ಉಲ್ಟಾ ದಿಕ್ಕಿನ ನಂಟೂ ಇದೆ. ಗುರುತ್ವ ಗ್ರಹಿಸುವ ಒಳಕಿವಿಯ ಭಾಗ, ನೀವು ಏಳುತ್ತಿದ್ದೀರಿ ಎಂದು ರಕ್ತನಾಳಗಳಿಗೂ ಸುದ್ದಿ ಕಳಿಸುತ್ತದೆ. ಬಿಪಿ ಬೀಳುವ ಮೊದಲೇ ಬಿಗಿಯಲು ಶುರು. 1974ರಲ್ಲಿ ಬೆಕ್ಕುಗಳ ಮೇಲೆ ನಡೆದ ಪ್ರಯೋಗದಲ್ಲಿ, ಒಳಕಿವಿಯಿಂದ ಸುದ್ದಿ ಒಯ್ಯುವ ನರ ಕತ್ತರಿಸಿದಾಗ ದೇಹ ನೆಟ್ಟಗಾದರೆ ಬಿಪಿ ಕಾಯ್ದುಕೊಳ್ಳುವುದು ಕಷ್ಟವಾಯಿತು.

ಸಂಶಯಪಿಶಾಚಿ
ಬೆಕ್ಕು! ಎರಡೂ ಒಳಕಿವಿ ಹೋದ ಮನುಷ್ಯರು ದಿನಾ ಎದ್ದು ನಿಲ್ಲುತ್ತಾರೆ, ಬಹುತೇಕರು ಮೂರ್ಛೆ ಬೀಳುವುದಿಲ್ಲ. ಬೆಕ್ಕುಗಳೇ ಕೆಲವು ದಿನ ಕಳೆದರೆ ಸುಧಾರಿಸಿಕೊಳ್ಳುತ್ತವೆ. ಮನುಷ್ಯರಲ್ಲಿ ಈ ದಾರಿ ಇದೆ ಅನ್ನಿ, ಒಪ್ಪುತ್ತೇನೆ. ಬುಗುರಿಯವರ 26 ಪಾಯಿಂಟ್ ಇಳಿಕೆಗೋ 30 ಪಾಯಿಂಟ್ ಇಳಿಕೆಗೋ ಹರಳು ಕಾರಣ ಅನ್ನಬೇಡಿ.

ಕಿವಿಗುಟ್ಟು
ಹಾಗಂದವರು ಯಾರು? ಹರಳಿನ ಕಾರಣಕ್ಕೆ ಅಷ್ಟು ಇಳಿಯುತ್ತದೆ ಎಂದು ನಾನೂ ಹೇಳುವುದಿಲ್ಲ.

ಬುಗುರಿ
26 ಅಂತ ಹೇಗೆ ಗೊತ್ತಾಯಿತು?! ಈಗ ತಾನೇ ಮಗಳ ಜತೆ ಅಳೆದೆ. ಮಲಗಿ 138/84, ನಾಡಿ 64. ನಿಂತು 1 ನಿಮಿಷಕ್ಕೆ 112/74. 3 ನಿಮಿಷಕ್ಕೆ 114/74, ನಾಡಿ 70. ತಲೆ ಹಗುರ ಆಯಿತು, ಗಿರ್ರನೆ ತಿರುಗಲಿಲ್ಲ. ಮಲಗಿ ಬಲಕ್ಕೆ ಹೊರಳಿದೆ, ಆಗ ತಿರುಗಿತು. ಮಗಳು ಕಣ್ಣು ವೀಡಿಯೊ ಮಾಡಿದಳು, ಕಣ್ಣು ಒದ್ದಾಡುತ್ತಿದೆ.

ಸಂಶಯಪಿಶಾಚಿ
ಸುಮ್ನೆ ಬಾಯಿಗೆ ಬಂದ ಅಂಕಿ. ಇನ್ನು ಮೇಲೆ ಜ್ಯೋತಿಷ್ಯ ಹೇಳಲಾ?

ಲೆಕ್ಕದಪುಸ್ತಕ
ನಾಡಿ 6 ಮಾತ್ರ ಏರಿದೆ, ಮೇಲಿನ ಬಿಪಿ 24 ಇಳಿದಿದೆ. ಭಾಗಿಸಿದರೆ 0.25. ಇದು 0.5ಕ್ಕಿಂತ ಕಡಿಮೆ ಇದ್ದರೆ ನರಗಳ ತೊಂದರೆ ಅನುಮಾನಿಸಬೇಕು.

ಮಾತ್ರೆಡಬ್ಬಿ
ತಡೀರಿ. ಅಟೆನೊಲಾಲ್ ನಾಡಿಯನ್ನು ಏರಲು ಬಿಡುವುದಿಲ್ಲ, ಅದರ ಕೆಲಸವೇ ಅದು. ಅದನ್ನು ನುಂಗುವವರಿಗೆ ಈ ಭಾಗಾಕಾರ ಹಾಕಿ ಹೆದರಿಸಬೇಡಿ.

ರಾತ್ರಿಪಾಳಿ
ಸರಿ. ಬುಗುರಿಯವರೇ, ನನಗೆ ಕಾಣುವುದು ಎರಡು ತೊಂದರೆ: ಬಲಗಿವಿಯ ಹರಳಿನ ಅನುಮಾನ, ಜತೆಗೆ ನಿಂತಾಗ ಬಿಪಿ ಇಳಿಕೆ, ಅದಕ್ಕೆ ಮಾತ್ರೆಗಳ ಕೈವಾಡ ಇರಬಹುದು. ಈ ಅಂಕಿ, ವೀಡಿಯೊ, ಮಾತ್ರೆ ಪಟ್ಟಿ ಮೂರನ್ನೂ ಒಂದೇ ಡಾಕ್ಟರ ಮುಂದೆ ಇಡಿ. ಬೇಕಾದರೆ ರಕ್ತಹೀನತೆಗೂ ನೋಡಲಿ. ಓದುವ ಎಲ್ಲರಿಗೂ: ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಒಂದು ಪಕ್ಕದ ಕೈಕಾಲು ಸೋತರೆ, ನಡೆಯಲು ಆಗದಿದ್ದರೆ, ಕಿವಿ ದಿಢೀರ್ ಕೇಳಿಸದೆ ಹೋದರೆ, ಎದೆನೋವು ಅಥವಾ ಮೂರ್ಛೆ ಬಂದರೆ, ಮಲ ಕಪ್ಪಾಗಿ ಹೋದರೆ ಇಲ್ಲಿ ಬರೆದು ಕೂರಬೇಡಿ. ಆಸ್ಪತ್ರೆಗೆ ಹೋಗಿ.

ಹೊಸಬ
ಉಪ್ಪು ಜಾಸ್ತಿ ತಿಂದರೆ ಸರಿಹೋಗುತ್ತದೆ. ನನ್ನ ಅಣ್ಣನಿಗೆ ಹೋಯಿತು.

ರಾತ್ರಿಪಾಳಿ
ನಿಮ್ಮ ಅಣ್ಣನಿಗೆ ಮಲಗಿದಾಗ 138 ಇತ್ತಾ? ಇವರಿಗಿದೆ. ಡಾಕ್ಟರು ಹೇಳದೆ ಉಪ್ಪು ಏರಿಸುವಂತಿಲ್ಲ.

ಹಳೇಗುಳಿಗೆ
ನನಗೆ ಹೇಳಿಕೊಟ್ಟ ಒಂದು ಉಪಾಯ. ಏಳುವ ಮೊದಲು ಅರ್ಧ ಲೀಟರ್ ನೀರು ಬೇಗ ಕುಡಿಯುವುದು. ನರ ಕೆಟ್ಟ ನನ್ನಂಥವರಿಗೆ ಕೆಲವು ನಿಮಿಷದಲ್ಲೇ ಬಿಪಿ ಮೇಲೇರುತ್ತದೆ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಕೇಳಿ ಮಾಡಿ. ಮಂಚದ ತಲೆ ಕಡೆಯ ಕಾಲಿಗೆ ಮರದ ತುಂಡು ಕೊಟ್ಟು ಎತ್ತರಿಸಿದ್ದಾರೆ. ಚಪ್ಪಟೆ ಮಲಗಿದರೆ ನನಗೆ ರಾತ್ರಿ ಬಿಪಿ ಏರಿ ಮೂತ್ರ ಜಾಸ್ತಿ ಹೋಗುತ್ತದಂತೆ, ಬೆಳಿಗ್ಗೆ ದೇಹದಲ್ಲಿ ನೀರೇ ಇರುವುದಿಲ್ಲ. ಹೆಂಡತಿ ರಾತ್ರಿಯಿಡೀ ಜಾರುತ್ತೇನೆ ಎಂದು ಬೈಯುತ್ತಾಳೆ.

ಉದ್ದಕಾಲು
ಎರಡು ದಿಂಬು ಇಟ್ಟರೆ ಸಾಲದಾ?

ಹಳೇಗುಳಿಗೆ
ಸಾಲದು, ಕತ್ತು ಮಾತ್ರ ಬಗ್ಗುತ್ತದೆ. ಆಮೇಲೆ ಕತ್ತುನೋವು ಅವರ ಪಾರ್ಟಿ ಸೇರಬೇಕು.

ಕತ್ತುನೋವು
ಸ್ವಾಗತ. ಅಂದ ಹಾಗೆ ಆ ಹೊರಳುವ ಪರೀಕ್ಷೆ ಮಾಡಿದೆ. ಕತ್ತು ತಿರುಚದೆಯೂ ತಿರುಗಿತು. ಆದರೂ ನನ್ನ ಕತ್ತು ಸವೆದಿರುವುದು ನಿಜ.

ಬುಗುರಿ
ಸುದ್ದಿ ಹೇಳಲು ಬಂದೆ. ಡಿಕ್ಸ್-ಹಾಲ್‌ಪೈಕ್ ಮಾಡಿದರು, ಬಲಗಿವಿ. ಎಪ್ಲಿ ಮಾಡುವಾಗ ವಾಂತಿ ಬರುವ ಹಾಗಾಯಿತು, ಈಗ ಹೊರಳಿದರೆ ತಿರುಗುವುದಿಲ್ಲ. ಮತ್ತೆ ಬರಬಹುದು, ಬಂದರೆ ಮತ್ತೆ ಮಾಡೋಣ ಎಂದರು. ಪ್ರೊಕ್ಲೋರ್‌ಪೆರಜಿನ್ ನಿಲ್ಲಿಸಿದರು. ಬಿಪಿ ಮಾತ್ರೆಗಳನ್ನು ಸದ್ಯಕ್ಕೆ ಮುಟ್ಟಿಲ್ಲ, ಎರಡು ವಾರ ಮನೆಯಲ್ಲಿ ಅಳೆದು ತಾ ಎಂದಿದ್ದಾರೆ. ನಿಂತಾಗ ಈಗಲೂ ಇಳಿಯುತ್ತಿದೆ, 26ರ ಜಾಗದಲ್ಲಿ 18. ಊಟ ಆದ ಮೇಲೆ ಮಾತ್ರ ಇನ್ನೂ ಕೆಟ್ಟದಾಗಿರುತ್ತದೆ, ಅದೇಕೆ?

ಲೆಕ್ಕದಪುಸ್ತಕ
ಊಟ ಆದರೆ ರಕ್ತ ಹೊಟ್ಟೆ ಕಡೆ ಹೋಗುತ್ತದೆ. ಕೆಲವರಿಗೆ ಊಟವಾದ ಎರಡು ಗಂಟೆಯೊಳಗೆ ಬಿಪಿ ಬೀಳುತ್ತದೆ. ಒಮ್ಮೆಲೇ ಹೊಟ್ಟೆ ಬಿರಿಯ ತಿನ್ನದೆ ಸ್ವಲ್ಪ ಸ್ವಲ್ಪ ತಿನ್ನಿ. ನಿಮ್ಮ ಪಟ್ಟಿಯಲ್ಲಿ ಊಟಕ್ಕೆ ಮೊದಲು, ಆದ ಮೇಲೆ ಅಂತ ಎರಡು ಕಾಲಂ ಸೇರಿಸಿ.

ಹೊಸಬ
ನನಗೂ ಎದ್ದಾಗ ಹೀಗೇ ಆಗುತ್ತದೆ. ಯಾವ ಮಾತ್ರೆ ತಗೊಳ್ಳಲಿ?

ಮಾತ್ರೆಡಬ್ಬಿ
ಈಗ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ, ಮೊದಲು ಅದು ಹೇಳಿ.